ಟರ್ಬೊ ಕಾರಿನ ಅಶ್ವಶಕ್ತಿ

ಮೋಟಾರು ಕಾರಿನ ಎಂಜಿನು ಪೆಟ್ರೋಲನ್ನು ಉರಿಸಿ ಕೆಲಸ ಮಾಡುತ್ತದೆಂಬುದನ್ನು ಎಲ್ಲರೂ ಬಲ್ಲರು. ಅದು ಗಾಳಿಯನ್ನೂ ತಿನ್ನುತ್ತದೆ, ಪೆಟ್ರೋಲಿಗಿಂತ ಎಷ್ಟೋ ಪಾಲು ಹೆಚ್ಚಾಗಿ ತಿನ್ನುತ್ತದೆ ಎಂಬುದನ್ನು ಗಮನಿಸುವವರು ಕಡಮೆ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ದಹಿಸಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲು ದ್ರವವಾದುದರಿಂದ ಅದನ್ನು ಬೇಕಾದಷ್ಟು ಒಳಕ್ಕೆ ಚಿಮ್ಮಿಸುವುದು ಕಷ್ಟವಲ್ಲ. ಗಾಳಿಯಾದರೋ ಹಗುರವಾದ ಅನಿಲ. ಸಿಲಿಂಡರಿನ ಗಾತ್ರ ಎಷ್ಟೋ ಅಷ್ಟರಲ್ಲಿಯೇ ಅದು ಹಿಡಿಯಬೇಕು. ಆದುದರಿಂದ ಎಂಜಿನಿನ ಅಶ್ವಶಕ್ತಿಗೆ ಎಲ್ಲೆಯನ್ನು ಕಟ್ಟುವುದು ಪೆಟ್ರೋಲಲ್ಲ, ಗಾಳಿ. ಹೆಚ್ಚು ಗಾಳಿಯನ್ನು ತುರುಕಿದರೆ ಹೆಚ್ಚು ಪೆಟ್ರೋಲನ್ನು ಉರಿಸಬಹುದು. ಟರ್ಬೊ ಯಂತ್ರದ ತತ್ತ್ವವೆಲ್ಲ ಇದರಲ್ಲಿ ಅಡಗಿದೆ.

ಈಗ ನಮ್ಮ ನಗರಗಳಲ್ಲಿ ಟರ್ಬೊ ಇರುವ ಕಾರುಗಳು ಸಾಮಾನ್ಯವಾಗಿವೆ. ಇಂತಿಷ್ಟು ಹಣ ಕೊಟ್ಟರೆ ಅರ್ಧ ಗಂಟೆಯಲ್ಲಿ ಮೂವತ್ತು ಕುದುರೆಗಳ ಶಕ್ತಿಯನ್ನು ಹೆಚ್ಚಿಸಿಕೊಡುತ್ತೇವೆ ಎನ್ನುವವರೂ ಇದ್ದಾರೆ. ಅವರ ಮಾತು ಸುಳ್ಳೇನೂ ಅಲ್ಲ; ಶಕ್ತಿ ಹೆಚ್ಚುವುದು ನಿಜ. ಆದರೆ ಆ ಮೂವತ್ತು ಕುದುರೆಗಳು ಎಲ್ಲಿಂದ ಬಂದವು, ಅವಕ್ಕೆ ಮೇವನ್ನು ಒದಗಿಸುವವರು ಯಾರು, ಅವು ಯಾವ ಬೇಲಿಯನ್ನು ಮುರಿದುಕೊಂಡು ಬಂದವು ಎಂಬುದನ್ನು ವಿಚಾರಿಸಿ ನೋಡಬೇಕು. ಅದಕ್ಕೆ ಬೇಕಾದ ಭೌತಶಾಸ್ತ್ರವು ಪ್ರೌಢಶಾಲೆಯ ಪಾಠಗಳಲ್ಲಿಯೇ ಇದೆ.

ಗಾಳಿಯ ಲೆಕ್ಕ

ಎರಡು ಲೀಟರ್ ಗಾತ್ರದ, ನಾಲ್ಕು ಸಿಲಿಂಡರುಗಳ, ಟರ್ಬೊ ಇಲ್ಲದ ಒಂದು ಎಂಜಿನನ್ನು ತೆಗೆದುಕೊಳ್ಳೋಣ. ಇಂಥ ನಾಲ್ಕು ಹೊಡೆತದ ಎಂಜಿನು ಎರಡು ಸುತ್ತಿಗೆ ಒಮ್ಮೆ ತನ್ನ ಗಾತ್ರದಷ್ಟು ಗಾಳಿಯನ್ನು ಸೆಳೆದುಕೊಳ್ಳುತ್ತದೆ. ಮಿನಿಟಿಗೆ 6,000 ಸುತ್ತು ತಿರುಗುತ್ತಿರುವಾಗ ಸೆಕೆಂಡಿಗೆ ನೂರು ಲೀಟರ್ ಗಾಳಿ ಒಳಕ್ಕೆ ಹೋಗಬೇಕು. ಕವಾಟಗಳ ಇಕ್ಕಟ್ಟಿನಿಂದ ಅಷ್ಟೂ ಹೋಗದು. ತೊಂಬತ್ತು ಲೀಟರ್ ಹೋಯಿತೆಂದು ಇಟ್ಟುಕೊಳ್ಳಬಹುದು. ಸಮುದ್ರ ಮಟ್ಟದಲ್ಲಿ, 27 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ, ಲೀಟರ್ ಗಾಳಿಯ ತೂಕ ಸುಮಾರು 1.18 ಗ್ರಾಂ. ಎಂದರೆ ಸೆಕೆಂಡಿಗೆ 106 ಗ್ರಾಂ ಗಾಳಿ. ಅದು ಉರಿಸಬಲ್ಲ ಪೆಟ್ರೋಲು 7.2 ಗ್ರಾಂ. ಪ್ರತಿ ಗ್ರಾಮಿನಿಂದ ಹೊರಡುವ ಶಾಖ ಸುಮಾರು 43 ಕಿಲೊಜೂಲ್. ಗುಣಿಸಿದರೆ ಸೆಕೆಂಡಿಗೆ 310 ಕಿಲೊಜೂಲ್, ಅಂದರೆ 310 ಕಿಲೊವಾಟ್ ಆಯಿತು. ಇದರಲ್ಲಿ ಚಕ್ರವನ್ನು ತಿರುಗಿಸಲು ದೊರೆಯುವುದು ನೂರಕ್ಕೆ ಮೂವತ್ತರಷ್ಟು ಮಾತ್ರ. ಉಳಿದುದು ತಣಿಸುವ ನೀರಿಗೂ ಸೈಲೆನ್ಸರಿನ ಹೊಗೆಗೂ ಸಲ್ಲುತ್ತದೆ. ಹೀಗೆ ಉಳಿಯುವ 93 ಕಿಲೊವಾಟ್ ಎಂದರೆ ಸುಮಾರು 125 ಅಶ್ವಶಕ್ತಿ. ಎರಡು ಲೀಟರಿನ ಸಾಧಾರಣ ಎಂಜಿನುಗಳ ಶಕ್ತಿ ಇದರ ಆಸುಪಾಸಿನಲ್ಲಿಯೇ ಇರುವುದನ್ನು ವಾಚಕರು ಗಮನಿಸಿರಬಹುದು.

ಸೈಲೆನ್ಸರಿನ ದಾರಿಯಲ್ಲಿ ಹಾಳಾಗಿ ಹೋಗುವ ಶಾಖವನ್ನು ಕಂಡೇ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿಯು ಟರ್ಬೊವನ್ನು ಯೋಚಿಸಿದುದು. ಆತನ ಮೊದಲ ಪೇಟೆಂಟು 1905ರದು. ಹೊರಹೋಗುವ ಬಿಸಿ ಅನಿಲಗಳು ಒಂದು ಟರ್ಬೈನು ಚಕ್ರವನ್ನು ತಿರುಗಿಸುತ್ತವೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಸಂಪೀಡಕ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ಕಳುಹಿಸುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಈ ಚಕ್ರಗಳು ಮಿನಿಟಿಗೆ ಒಂದು ಲಕ್ಷಕ್ಕೂ ಮೀರಿ ಸುತ್ತುವುದುಂಟು.

ಬ್ಯೂಖಿಯ ಆಲೋಚನೆ ಮೊದಲು ಒಳ್ಳೆಯ ಪ್ರಯೋಜನಕ್ಕೆ ಬಂದುದು ಕಾರಿನಲ್ಲಲ್ಲ, ಎತ್ತರದಲ್ಲಿ ಹಾರುವ ವಿಮಾನದಲ್ಲಿ. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು ಲಿಬರ್ಟಿ ಎಂಬ ವಿಮಾನದ ಎಂಜಿನನ್ನು ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, 14,000 ಅಡಿಗೂ ಮಿಗಿಲಾದ ಎತ್ತರಕ್ಕೆ, ಸಾಗಿಸಿ ಪರೀಕ್ಷಿಸಿದನು. ಸಮುದ್ರ ಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನು ಅಲ್ಲಿನ ತೆಳುಗಾಳಿಯಲ್ಲಿ 230ಕ್ಕೆ ಇಳಿಯಿತು. ಟರ್ಬೊವನ್ನು ಜೋಡಿಸಿದೊಡನೆ 356ಕ್ಕೆ ಏರಿತು. ನಮ್ಮ ಲೆಕ್ಕವನ್ನು ಇದಕ್ಕಿಂತ ಚೆನ್ನಾಗಿ ಸಮರ್ಥಿಸುವ ಪ್ರಯೋಗವನ್ನು ಹುಡುಕುವುದು ಕಷ್ಟ: ಎಂಜಿನು ಅದೇ, ಪೆಟ್ರೋಲು ಅದೇ, ಬದಲಾದುದು ಗಾಳಿಯ ಒತ್ತಡ ಮಾತ್ರ.

ಈಗ ನಮ್ಮ ಎಂಜಿನಿಗೂ ಟರ್ಬೊವನ್ನು ಜೋಡಿಸಿ ಗಾಳಿಯ ಒತ್ತಡವನ್ನು ವಾಯುಮಂಡಲದ ಒತ್ತಡಕ್ಕಿಂತ 1.8 ಪಾಲು ಮಾಡೋಣ. (ಗಡಿಯಾರದಂಥ ಮಾಪಕದ ಮುಳ್ಳು 0.8 ಎಂದು ತೋರಿಸೀತು, ಏಕೆಂದರೆ ಅದು ವಾಯುಮಂಡಲದ ಒತ್ತಡವನ್ನು ಸೊನ್ನೆಯೆಂದು ಎಣಿಸುತ್ತದೆ. ಈ ಎರಡು ಬಗೆಯ ಎಣಿಕೆಗಳನ್ನು ಬೆರಸಿಕೊಂಡು ವಾದಿಸುವವರು ಬಹಳ ಮಂದಿ.) ಹಾಗಾದರೆ ಶಕ್ತಿಯೂ 1.8 ಪಾಲಾಗುವುದೇ? ಆಗದು. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಕೈಗೆ ಬಿಸಿ ತಾಗುವುದನ್ನು ನೀವು ಬಲ್ಲಿರಿ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಹಿಗ್ಗುತ್ತದೆ. ನೂರಕ್ಕೆ ಎಪ್ಪತ್ತರ ದಕ್ಷತೆಯುಳ್ಳ ಒಳ್ಳೆಯ ಸಂಪೀಡಕವಾದರೂ 27 ಡಿಗ್ರಿಯ ಗಾಳಿಯನ್ನು ಇಷ್ಟು ಒತ್ತುವಷ್ಟರಲ್ಲಿ ಅದು 105 ಡಿಗ್ರಿಗೆ ಏರುತ್ತದೆ. ನಿರಪೇಕ್ಷ ಉಷ್ಣತೆಯಲ್ಲಿ ಹೇಳುವುದಾದರೆ 300ರಿಂದ 378ಕ್ಕೆ. ಗಾಳಿಯ ಸಾಂದ್ರತೆ ಹೆಚ್ಚುವುದು 1.8 ಪಾಲಲ್ಲ, 1.8ನ್ನು 300ರಿಂದ ಗುಣಿಸಿ 378ರಿಂದ ಭಾಗಿಸಿದರೆ ಬರುವ 1.43 ಪಾಲು. ಒತ್ತಡದಿಂದ ಗಳಿಸಿದ ಲಾಭದಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಶಾಖವು ಕಸಿದುಕೊಂಡಿತು.

ಇದಕ್ಕೆ ಪರಿಹಾರವಾಗಿ ಇಂಟರ್‌ಕೂಲರನ್ನು ಇಡುತ್ತಾರೆ. ಇದು ನೀರಿನ ಬದಲು ಗಾಳಿಯನ್ನು ತಣಿಸುವ ರೇಡಿಯೇಟರು. ಗಾಳಿಯನ್ನು ಅದು 50 ಡಿಗ್ರಿಗೆ ಇಳಿಸಿತೆಂದರೆ ಸಾಂದ್ರತೆ 1.67 ಪಾಲಾಗುತ್ತದೆ, ನಮ್ಮ 125 ಕುದುರೆಗಳು ಸುಮಾರು 209 ಆಗುತ್ತವೆ. ಇಂಟರ್‌ಕೂಲರ್ ಇಲ್ಲದಿದ್ದರೆ 179ಕ್ಕೇ ನಿಲ್ಲುತ್ತಿದ್ದವು. ಚಲಿಸುವ ಭಾಗವೊಂದೂ ಇಲ್ಲದ ತಗಡು ಕೊಳವೆಗಳ ಗೂಡೊಂದು ಮೂವತ್ತು ಕುದುರೆಗಳನ್ನು ದುಡಿಯುವುದೆಂದರೆ ಅಲ್ಪವಲ್ಲ.

ಸಂಪೀಡಕವನ್ನು ತಿರುಗಿಸುವ ಶಕ್ತಿಯನ್ನೂ ಇಲ್ಲಿಯೇ ಲೆಕ್ಕ ಹಾಕಬಹುದು. ಸೆಕೆಂಡಿಗೆ 177 ಗ್ರಾಂ ಗಾಳಿಯನ್ನು 78 ಡಿಗ್ರಿ ಕಾಯಿಸಲು ಬೇಕಾಗುವುದು ಸುಮಾರು 14 ಕಿಲೊವಾಟ್, ಎಂದರೆ 19 ಅಶ್ವಶಕ್ತಿ. ಇದು ವ್ಯರ್ಥವಾಗುತ್ತಿದ್ದ ಹೊಗೆಯಿಂದ ಬಂದುದು. ಆದರೂ ಪೂರ್ತಿ ಧರ್ಮಕ್ಕೆ ಬಂದುದಲ್ಲ. ಟರ್ಬೈನು ಹೊಗೆಯ ದಾರಿಗೆ ಅಡ್ಡ ನಿಲ್ಲುವುದರಿಂದ ಅದನ್ನು ಹೊರದೂಡಲು ಪಿಸ್ಟನ್ನುಗಳು ಸ್ವಲ್ಪ ಹೆಚ್ಚಾಗಿ ಶ್ರಮಿಸಬೇಕಾಗುತ್ತದೆ.

ಕುಟ್ಟು

ಒತ್ತಡವನ್ನು ಇನ್ನೂ ಏರಿಸುತ್ತ ಹೋಗಬಾರದೇಕೆ? ಕಾರಿನ ತಯಾರಕರು ಇಟ್ಟಿರುವ ಒತ್ತಡವನ್ನು ಎಂಜಿನಿನ ಗಣಕದಲ್ಲಿರುವ ಅಂಕಿಗಳನ್ನು ತಿದ್ದಿ ಏರಿಸಬಹುದು. ಟರ್ಬೈನಿನ ಪಕ್ಕದಲ್ಲಿ ವೇಸ್ಟ್‌ಗೇಟು ಎಂಬ ಚಿಕ್ಕ ಬಾಗಿಲಿದೆ; ನಿಯತವಾದ ಒತ್ತಡ ಬಂದೊಡನೆ ಅದು ತೆರೆದು, ಹೆಚ್ಚಿನ ಹೊಗೆಯನ್ನು ಟರ್ಬೈನಿಗೆ ತಾಗಿಸದೆ ಹೊರಬಿಡುತ್ತದೆ. ಅದನ್ನು ಇನ್ನಷ್ಟು ಹೊತ್ತು ಮುಚ್ಚಿರುವಂತೆ ಮಾಡಿದರೆ ಮುಗಿಯಿತು. ಅರ್ಧ ಗಂಟೆಯ ಕೆಲಸವೆಂದು ಹೇಳಿದುದು ಇದನ್ನೇ.

ತಡೆಯಾಗಿ ನಿಲ್ಲುವುದು ನಾಕಿಂಗ್ ಎಂದು ಮೆಕ್ಯಾನಿಕ್ಕುಗಳು ಕರೆಯುವ ಕುಟ್ಟು. ಸರಿಯಾದ ದಹನದಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊರಟ ಜ್ವಾಲೆಯು ಕ್ರಮವಾಗಿ ಹರಡುತ್ತ ಸಿಲಿಂಡರಿನ ಅಂಚನ್ನು ಮುಟ್ಟುತ್ತದೆ. ಅಷ್ಟರಲ್ಲಿ ಅಂಚಿನಲ್ಲಿ ಉಳಿದಿರುವ ಮಿಶ್ರಣವು ಪಿಸ್ಟನ್ನಿನಿಂದಲೂ ಹಿಗ್ಗುತ್ತಿರುವ ಜ್ವಾಲೆಯಿಂದಲೂ ಒತ್ತಲ್ಪಟ್ಟು ಬಹಳ ಕಾದಿರುತ್ತದೆ. ಜ್ವಾಲೆ ಬಂದು ಸೇರುವ ಮೊದಲೇ ಅದು ತಾನಾಗಿ ಹತ್ತಿಕೊಂಡು ಒಮ್ಮೆಲೇ ಸಿಡಿದರೆ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಗಳ ನಡುವೆ ಹೊಡೆದಾಡುತ್ತವೆ. ಕಿವಿಗೆ ಕೇಳುವುದು ಲೋಹವನ್ನು ಕುಟ್ಟಿದಂಥ ಶಬ್ದ. ಆಗುವ ಹಾನಿ ಬೇರೆ. ಲೋಹದ ಮೇಲ್ಮೈಯನ್ನು ಅಂಟಿಕೊಂಡಿರುವ ತೆಳುವಾದ ತಂಪು ಅನಿಲದ ಪದರವನ್ನು ಈ ಅಲೆಗಳು ಕಿತ್ತುಹಾಕುತ್ತವೆ. ಜ್ವಾಲೆಯ ಉಷ್ಣತೆ ಎರಡು ಸಾವಿರ ಡಿಗ್ರಿಯನ್ನು ಮೀರಿದ್ದರೂ, 660 ಡಿಗ್ರಿಗೆ ಕರಗುವ ಅಲ್ಯೂಮಿನಿಯಮ್ಮಿನಿಂದ ಮಾಡಿದ ಪಿಸ್ಟನ್ನು ಬದುಕಿಕೊಂಡಿರುವುದಕ್ಕೆ ಆ ಪದರವೂ ಒಂದು ಕಾರಣ. ಪದರ ಹೋದ ಮೇಲೆ ಪಿಸ್ಟನ್ನಿನ ಅಂಚು ಸವೆದು, ಉಂಗುರಗಳ ನಡುವಣ ಏಣು ಮುರಿದು, ಕೊನೆಗೆ ತೂತೇ ಬೀಳುವುದುಂಟು. ಬಲವಾದ ಕುಟ್ಟಾದರೆ ಇದಕ್ಕೆ ಬಹಳ ಹೊತ್ತು ಬೇಕಾಗಿಲ್ಲ.

ಒಳಬರುವ ಗಾಳಿಯ ಬಿಸಿಗೂ ಕುಟ್ಟಿಗೂ ಇರುವ ನಂಟು ಗಮನಿಸತಕ್ಕದ್ದು. ಸಿಲಿಂಡರಿನಲ್ಲಿ ಗಾಳಿ ಒಂಬತ್ತು ಪಾಲು ಅಡಕವಾಗುವಾಗ ಅದರ ನಿರಪೇಕ್ಷ ಉಷ್ಣತೆಯು ಎರಡು ಪಾಲಿಗಿಂತ ತುಸು ಮಿಗಿಲಾಗುತ್ತದೆ. ಆದುದರಿಂದ ಒಳಬರುವಾಗ 55 ಡಿಗ್ರಿಯಷ್ಟಿದ್ದ ವ್ಯತ್ಯಾಸವು ಕಿಡಿ ಹಾರುವ ಸಮಯಕ್ಕೆ ಸುಮಾರು 120 ಡಿಗ್ರಿಯ ವ್ಯತ್ಯಾಸವಾಗಿ ನಿಲ್ಲುತ್ತದೆ. ಇಂಟರ್‌ಕೂಲರಿನ ದೊಡ್ಡ ಉಪಕಾರ ಇದೇ ಎಂದು ನನ್ನ ಅಭಿಪ್ರಾಯ. ಮೂವತ್ತು ಕುದುರೆಗಳ ಲಾಭ ಎರಡನೆಯದು.

ಕುಟ್ಟನ್ನು ತಡೆಯಲು ಹಲವು ಉಪಾಯಗಳಿವೆ. ಕಿಡಿಯನ್ನು ತಡಮಾಡಿ ಹಾರಿಸಬಹುದು. ಆಗ ಒತ್ತಡದ ತುದಿ ತಗ್ಗುತ್ತದೆ, ಆದರೆ ಶಕ್ತಿಯೂ ತಗ್ಗಿ ಹೊಗೆಯ ಬಿಸಿ ಹೆಚ್ಚುತ್ತದೆ. ಪೆಟ್ರೋಲನ್ನು ಅಗತ್ಯಕ್ಕಿಂತ ಹೆಚ್ಚಾಗಿ, ಹನ್ನೆರಡು ಹದಿಮೂರು ಗ್ರಾಂ ಗಾಳಿಗೆ ಒಂದು ಗ್ರಾಮಿನಂತೆ ಬಿಡಬಹುದು. ಹೆಚ್ಚಿನ ಪೆಟ್ರೋಲು ಪೂರ್ತಿ ಉರಿಯದಿದ್ದರೂ ಆವಿಯಾಗುವಾಗ ಶಾಖವನ್ನು ಹೀರುತ್ತದೆ. ಹೆಚ್ಚು ಆಕ್ಟೇನಿನ ಪೆಟ್ರೋಲು ತಾನಾಗಿ ಹತ್ತಿಕೊಳ್ಳುವುದಕ್ಕೆ ಹೆಚ್ಚು ಹಿಂಜರಿಯುತ್ತದೆ. ಹೆಚ್ಚು ಆಕ್ಟೇನು ಎಂದರೆ ಹೆಚ್ಚು ಶಾಖವೆಂದು ತಿಳಿದು, ಟರ್ಬೊ ಇಲ್ಲದ ಸಾಧಾರಣ ಕಾರಿಗೆ ದುಬಾರಿ ಪೆಟ್ರೋಲು ತುಂಬಿಸುವವರು ತಮ್ಮ ಹಣವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ.

ಈ ಬಗೆಯ ಉಪಾಯಗಳಲ್ಲೊಂದನ್ನು ಅಮೆರಿಕದ ಓಲ್ಡ್ಸ್‌ಮೊಬೀಲ್ ಕಂಪೆನಿಯು 1962ರಲ್ಲಿ ಸಾರ್ವಜನಿಕರ ಕೈಗೇ ಕೊಟ್ಟಿತು. ಟರ್ಬೊ ಇಟ್ಟು ಮಾರಾಟಕ್ಕೆ ಬಂದ ಮೊದಲ ಕಾರುಗಳಲ್ಲಿ ಒಂದಾದ ಅದರ ಜೆಟ್‌ಫೈರಿನ ಎಂಜಿನಿನ ಗಾತ್ರ 215 ಘನ ಅಂಗುಲ, ಶಕ್ತಿಯೂ 215 ಕುದುರೆ. ಸಿಲಿಂಡರಿನಲ್ಲಿ ಅಡಕವಾಗುವ ಪ್ರಮಾಣವನ್ನು ತಗ್ಗಿಸದೆ 10.25 ಪಾಲಿನಲ್ಲಿಯೇ ಇಟ್ಟು, ಕುಟ್ಟನ್ನು ತಡೆಯಲು ಭಟ್ಟಿಯಿಳಿಸಿದ ನೀರು ಮತ್ತು ಮೆಥನಾಲುಗಳ ಮಿಶ್ರಣವನ್ನು ಗಾಳಿಯೊಡನೆ ಸಿಂಪಡಿಸುವ ಏರ್ಪಾಡು ಮಾಡಿದ್ದರು. ವಿಜ್ಞಾನ ಸರಿಯಾಗಿತ್ತು. ಆದರೆ ಕಾರು ಕೊಂಡವರು ಆ ದ್ರವದ ತೊಟ್ಟಿಯನ್ನು ತುಂಬಿಸಲು ಮರೆತರು! ದ್ರವ ಮುಗಿದಾಗ ಒತ್ತಡವನ್ನು ತಗ್ಗಿಸುವ ಕವಾಟವಿದ್ದುದರಿಂದ ಎಂಜಿನಿಗೆ ರಕ್ಷಣೆಯೇನೋ ಇತ್ತು. ಆದರೆ ಕೊಂಡವರಿಗೆ ಸಿಕ್ಕಿದುದು ಶಕ್ತಿ ಕುಂದಿದ ಕಾರು. ಎರಡು ವರ್ಷಗಳಲ್ಲಿ ತಯಾರಿಕೆ ನಿಂತಿತು. ಮುಂದೆ ಬೇಕಾದವರಿಗೆ ಟರ್ಬೊವನ್ನೇ ಕಳಚಿ ಸಾಧಾರಣ ಕಾರ್ಬುರೇಟರನ್ನು ಕೂಡಿಸಿಕೊಡುವ ವ್ಯವಸ್ಥೆಯೂ ಆಯಿತು.

ಸ್ವೀಡನ್ನಿನ ಸಾಬ್ ಕಂಪೆನಿಯ ದಾರಿ ಬೇರೆ. 1977ರಲ್ಲಿ ಪ್ರದರ್ಶಿಸಿದ ಅದರ 99 ಟರ್ಬೊ ಕಾರು ಎರಡು ಲೀಟರಿನಿಂದ 145 ಕುದುರೆಗಳನ್ನಷ್ಟೇ ಹೊರಡಿಸಿತು. ಚಿಕ್ಕ ಟರ್ಬೊ, ವೇಸ್ಟ್‌ಗೇಟು. ಪರಮಾವಧಿ ಶಕ್ತಿಗಿಂತ ದಿನವೂ ಬಳಸುವ ಮಧ್ಯಮ ವೇಗದಲ್ಲಿ ಎಳೆತ ಸಿಗಬೇಕೆಂಬುದು ಅವರ ಗುರಿ. 1980ರ ದಶಕದ ಆರಂಭದಲ್ಲಿ ಅವರು ಎಂಜಿನಿಗೆ ಒಂದು ಕಿವಿಯನ್ನೇ ಇಟ್ಟರು. ಎಂಜಿನಿನ ಮೈಗೆ ತಿರುಗಿಸಿ ಬಿಗಿದ ಸಂವೇದಕವು ಕುಟ್ಟಿನ ಕಂಪನವನ್ನು ಗ್ರಹಿಸಿದೊಡನೆ ವೇಸ್ಟ್‌ಗೇಟು ತೆರೆದು ಒತ್ತಡ ಇಳಿಯುತ್ತಿತ್ತು. ಈಗಿನ ಟರ್ಬೊ ಕಾರುಗಳಲ್ಲೆಲ್ಲ ಇಂಥ ಕಿವಿ ಇರುತ್ತದೆ. ಅದು ಕಿಡಿಯ ಕಾಲವನ್ನೂ ಹಿಂದೂಡುತ್ತದೆ. ಹೀಗಿರುವುದರಿಂದಲೇ ಅಂಕಿ ತಿದ್ದಿದ ಕಾರು ತಂಪಾದ ಮುಂಜಾನೆ ಚುರುಕಾಗಿ ಓಡಿ, ಏಪ್ರಿಲ್ಲಿನ ಮಧ್ಯಾಹ್ನ ಘಟ್ಟ ಹತ್ತುವಾಗ ಮೊದಲಿನಂತೆಯೇ ಮಂಕಾಗುವುದು. ಏರಿಸಿದ ಒತ್ತಡವನ್ನು ಕುಟ್ಟಿನ ಕಿವಿ ಕಿಡಿಯಲ್ಲಿ ಕಳೆದುಬಿಡುತ್ತದೆ. ತಯಾರಕರು ಬಿಟ್ಟಿರುವ ಅಂತರವು ಮರೆತು ಬಿಟ್ಟುದಲ್ಲ. ಕಲಬೆರಕೆ ಪೆಟ್ರೋಲು, ಧೂಳು ಕಟ್ಟಿದ ಇಂಟರ್‌ಕೂಲರು, ಐದು ಜನರನ್ನೂ ಸಾಮಾನನ್ನೂ ಹೊತ್ತು ಹತ್ತುವ ಏರು ಇವೆಲ್ಲ ಒಂದೇ ದಿನ ಬಂದರೆ ಇರಲಿ ಎಂದು ಇಟ್ಟುದು. ಆ ಅಂತರವನ್ನು ಖರ್ಚು ಮಾಡಬಾರದೆಂದಲ್ಲ. ಖರ್ಚು ಮಾಡುವಾತನು ಅದು ಏನೆಂದು ತಿಳಿದಿರಬೇಕು.

ಯಾವುದು ಮೊದಲು

ತಿಳಿದು ಮಾಡುವವರು ಅನುಸರಿಸುವ ಕ್ರಮ ಹೀಗಿರುತ್ತದೆ. ಮೊದಲು ಇರುವ ಯಂತ್ರವನ್ನು ಆರೋಗ್ಯದಲ್ಲಿಡುವುದು. ಗಾಳಿಯ ಕೊಳವೆಗಳ ಸೋರಿಕೆ, ಹಳೆಯ ಪ್ಲಗ್ಗು, ಹಳೆಯ ಎಣ್ಣೆ ಇವುಗಳನ್ನು ಸರಿಪಡಿಸಿದಾಗ ಹಿಂದಿರುಗುವ ಕುದುರೆಗಳನ್ನೇ ಕೆಲವರು ಹೊಸ ಭಾಗದ ಮಹಿಮೆಯೆಂದು ಎಣಿಸುತ್ತಾರೆ. ಆಮೇಲೆ ತಣಿಸುವಿಕೆ, ಎಂದರೆ ದೊಡ್ಡ ಇಂಟರ್‌ಕೂಲರು. ಅದರ ಹಿಂದೆಯೇ ಟರ್ಬೈನಿನಿಂದಾಚೆಗೆ ಅಗಲವಾದ ಹೊಗೆಕೊಳವೆ: ಟರ್ಬೈನಿನ ಕೆಲಸ ನಡೆಯುವುದು ಅದರ ಮುಂದಿನ ಮತ್ತು ಹಿಂದಿನ ಒತ್ತಡಗಳ ಅನುಪಾತದಿಂದ, ಹಿಂದಿನ ಒತ್ತಡ ತಗ್ಗಿದರೆ ಅದೇ ಹೊಗೆಯಿಂದ ಹೆಚ್ಚು ಕೆಲಸ ದೊರೆಯುತ್ತದೆ. ಈ ನೆಪದಲ್ಲಿ ವಿಷಾನಿಲಗಳನ್ನು ಶುದ್ಧಿಮಾಡುವ ಪರಿವರ್ತಕವನ್ನೇ ಕಿತ್ತೆಸೆಯುವವರಿದ್ದಾರೆ. ಹಿಂದೆ ಬರುವ ಸ್ಕೂಟರಿನವನು ಅದರ ಬೆಲೆಯನ್ನು ಶ್ವಾಸಕೋಶದಿಂದ ತೆರುತ್ತಾನೆ.

ಇಷ್ಟಾದ ಮೇಲೆ ಒತ್ತಡ. ನಮ್ಮ ಎಂಜಿನಿನಲ್ಲಿ 1.8ನ್ನು 2.2 ಮಾಡಿ, ಗಾಳಿಯನ್ನು 60 ಡಿಗ್ರಿಗೆ ತಣಿಸಲು ಶಕ್ಯವಾದರೆ ಸಾಂದ್ರತೆ 1.98 ಪಾಲಾಗಿ ಶಕ್ತಿ ಸುಮಾರು 248 ಕುದುರೆಗೆ ಏರುತ್ತದೆ. ಆದರೆ ಸಂಪೀಡಕವು ಅಷ್ಟು ಗಾಳಿಯನ್ನು ಒಳ್ಳೆಯ ದಕ್ಷತೆಯಿಂದ ಒತ್ತಬಲ್ಲುದೇ ಎಂದು ಮೊದಲು ನೋಡಬೇಕು. ದಕ್ಷತೆ ಎಪ್ಪತ್ತೇ ಇದ್ದರೆ ಹೊರಬರುವ ಗಾಳಿ 135 ಡಿಗ್ರಿ. ಚಿಕ್ಕ ಟರ್ಬೊವನ್ನು ಮಿತಿಮೀರಿ ತಿರುಗಿಸಿ ದಕ್ಷತೆ ಅರವತ್ತಕ್ಕೆ ಇಳಿದರೆ 153 ಡಿಗ್ರಿ. ಆಗ ಟರ್ಬೊ ಗಾಳಿಯನ್ನು ಒತ್ತುವುದಕ್ಕಿಂತ ಕಾಯಿಸುವುದರಲ್ಲಿ ಹೆಚ್ಚು ನಿರತವಾಗಿದೆ ಎನ್ನಬೇಕು.

ಪೆಟ್ರೋಲಿನ ಪೂರೈಕೆಯನ್ನೂ ನೋಡಿರಿ. 6,000 ಸುತ್ತಿನಲ್ಲಿ ಎರಡು ಸುತ್ತಿಗೆ ಹಿಡಿಯುವ ಕಾಲ ಒಂದು ಸೆಕೆಂಡಿನ ಐವತ್ತನೆಯ ಒಂದು ಪಾಲು, 20 ಮಿಲಿಸೆಕೆಂಡು. ಗಾಳಿಯ ಕೊಳವೆಯಲ್ಲಿ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು 209 ಕುದುರೆಗಳಿಗಾಗಿ ಅದರಲ್ಲಿ 16 ಮಿಲಿಸೆಕೆಂಡು ತೆರೆದಿದ್ದರೆ 248ಕ್ಕೆ ಸುಮಾರು 19 ಮಿಲಿಸೆಕೆಂಡು ತೆರೆದಿರಬೇಕು. ತೆರೆದು ಮುಚ್ಚಲು ಬೇಕಾದ ಬಿಡುವೇ ಉಳಿಯಲಿಲ್ಲ. ಅದು ಸೋತರೆ ಮಿಶ್ರಣದಲ್ಲಿ ಪೆಟ್ರೋಲು ಕಡಮೆಯಾಗುತ್ತದೆ, ಅದೂ ಪೂರ್ಣ ಒತ್ತಡದ ಗಳಿಗೆಯಲ್ಲಿ. ಕುಟ್ಟು ಕಾದು ಕುಳಿತಿರುವುದು ಅಂಥ ಗಳಿಗೆಗಾಗಿಯೇ. ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆತ ಪೆಟ್ರೋಲಿಗೆ ಈ ಹೊರೆ ಇನ್ನೂ ಹೆಚ್ಚು, ಏಕೆಂದರೆ ಅದೇ ಗಾಳಿಗೆ ಅದು ಹೆಚ್ಚು ತೂಕದಲ್ಲಿ ಬೇಕು. ಎಥನಾಲು ಆವಿಯಾಗುವಾಗ ಬಹಳ ಶಾಖವನ್ನು ಹೀರಿ ಕುಟ್ಟನ್ನು ತಡೆಯುವುದೆಂಬುದು ಅದರ ಒಳ್ಳೆಯ ಗುಣ.

ದೊಡ್ಡ ಟರ್ಬೊವನ್ನೇ ಇಡುವುದು ಕೊನೆಯ ಹೆಜ್ಜೆ. ಆಕಾರ ಒಂದೇ ಆಗಿರುವ ಚಕ್ರಗಳಲ್ಲಿ ತಿರುಗುವಿಕೆಯನ್ನು ತಡೆಯುವ ಜಡತ್ವವು ವ್ಯಾಸದ ಐದನೆಯ ಘಾತದಂತೆ ಬೆಳೆಯುತ್ತದೆ. ವ್ಯಾಸವನ್ನು ನೂರಕ್ಕೆ ಇಪ್ಪತ್ತು ಹೆಚ್ಚಿಸಿದರೆ ಜಡತ್ವ ಎರಡೂವರೆ ಪಾಲು. ಪೆಡಲನ್ನು ತುಳಿದ ಮೇಲೆ ಟರ್ಬೊ ಎಚ್ಚರಗೊಳ್ಳುವ ತನಕ ಕಾಯಬೇಕಾದ ಕಾಲ ಇದರಿಂದ ಹೆಚ್ಚುತ್ತದೆ. ಪಂದ್ಯದ ಕಣದಲ್ಲಿ ಎಂಜಿನು ಯಾವಾಗಲೂ ಮೇಲಿನ ವೇಗದಲ್ಲಿರುವುದರಿಂದ ಅಡ್ಡಿಯಿಲ್ಲ. ಪೇಟೆಯ ರಸ್ತೆಯಲ್ಲಿ, ಎರಡನೆಯ ಗೇರಿನಲ್ಲಿ ತಿರುವಿನ ನಡುವೆ ಒಮ್ಮೆಲೇ ಮೈಮೇಲೆ ಬರುವ ಶಕ್ತಿ ಯಾರಿಗೂ ಹಿತವಲ್ಲ. ಬೀದಿಯ ಕಾರಿಗೆ ಇದು ಬೇಡವೆಂದೇ ನಾನು ಹೇಳುತ್ತೇನೆ.

ಎಂಜಿನು ಹೆಚ್ಚಿಸಿದ ತಿರುಚುಬಲವನ್ನು ಕ್ಲಚ್ಚು ಹೊರಬೇಕು, ಗೇರಿನ ಹಲ್ಲುಗಳು ಹೊರಬೇಕು. ಬ್ರೇಕುಗಳ ಮಾತನ್ನೂ ಮರೆಯಬಾರದು: ಗಂಟೆಗೆ 100 ಕಿಲೊಮೀಟರಿನ ಬದಲು 120ರಿಂದ ನಿಲ್ಲಿಸುವಾಗ ಅವು ನುಂಗಬೇಕಾದ ಶಾಖ ನೂರಕ್ಕೆ 44 ಹೆಚ್ಚು. ಕಾನೂನೂ ಉಂಟು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ನಿರ್ದೇಶಿಸಿದುದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ದಿನ ದೊಡ್ಡ ತಕರಾರಿಗೆ ಕಾರಣವಾಗಬಹುದು.

ಕಡೆಯದಾಗಿ ಅಳತೆಯ ವಿಚಾರ. ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿ ಶಕ್ತಿಯನ್ನು ಅಳೆಯುವ ಡೈನಮೋಮೀಟರುಗಳು ಬೆಂಗಳೂರಿನಲ್ಲಿಯೂ ಇವೆ. ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವ ಆ ನಗರದಲ್ಲಿ ವಾಯುವಿನ ಒತ್ತಡವು ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಮೆ. ಟರ್ಬೊ ಇಲ್ಲದ ಎಂಜಿನು ಅಷ್ಟೇ ಪ್ರಮಾಣದಲ್ಲಿ ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಅಳತೆಯ ಯಂತ್ರವು ಬಂದ ಅಂಕಿಯನ್ನು ಸುಮಾರು 1.1ರಿಂದ ಗುಣಿಸಿ ಸಮುದ್ರ ಮಟ್ಟದ ಶಕ್ತಿಯೆಂದು ತೋರಿಸುವುದುಂಟು. ಟರ್ಬೊ ಎಂಜಿನಿಗೆ ಈ ಗುಣಾಕಾರ ಒಪ್ಪುವುದಿಲ್ಲ. ಅದರ ಗಣಕವು ಕೊಳವೆಯ ಒತ್ತಡವನ್ನು ನಿಯತವಾದ ಮಟ್ಟಕ್ಕೇ ತಂದು ನಿಲ್ಲಿಸುವಂತಿದ್ದರೆ, ಬೆಂಗಳೂರಿನಲ್ಲಿ ಅದು 0.9 ಪಾಲಿನ ಗಾಳಿಯನ್ನು ತೆಗೆದುಕೊಂಡು ಎರಡು ಪಾಲು ಒತ್ತಿ ಅದೇ 1.8ನ್ನು ಒದಗಿಸುತ್ತದೆ, ಚಕ್ರಗಳು ಇನ್ನಷ್ಟು ಜೋರಾಗಿ ಸುತ್ತುತ್ತವೆ, ಗಾಳಿ ಇನ್ನಷ್ಟು ಕಾಯುತ್ತದೆ, ಶಕ್ತಿ ಮಾತ್ರ ಅಷ್ಟಾಗಿ ಕುಂದುವುದಿಲ್ಲ. 200 ಕುದುರೆಯ ಇಂಥ ಕಾರಿಗೆ 220 ಎಂದು ಅಚ್ಚಾಗಿ ಬಂದ ಕಾಗದವನ್ನು ಕಂಡರೆ, ಅಂಕಿಯ ಪಕ್ಕದಲ್ಲಿ ಯಾವ ತಿದ್ದುಪಡಿಯನ್ನು ನಮೂದಿಸಿದ್ದಾರೆಂದು ನೋಡಬೇಕು; ತಿದ್ದುಪಡಿಯಿಲ್ಲದ ಅಂಕಿಯನ್ನೂ ಕೇಳಿ ಪಡೆಯಬೇಕು. ಮಾರ್ಪಾಟಿಗೆ ಮೊದಲೂ ಆಮೇಲೂ ಅದೇ ಯಂತ್ರದ ಮೇಲೆ, ಅದೇ ಗೇರಿನಲ್ಲಿ, ಗಾಳಿಯ ಉಷ್ಣತೆ ಒಂದೇ ಆಗಿರುವಾಗ ಪಡೆದ ಎರಡು ಅಂಕಿಗಳನ್ನು ಮಾತ್ರ ಹೋಲಿಸಬಹುದು.